ಆರ್ಗೈಲ್: ಮೂರು ಸಲ ತೆರೆದ ತೈಲಕ್ಷೇತ್ರ

ಮುಂಬಯಿವಾಸಿಗಳಾದ ನಮಗೆ ಕಡಲಿನ ಎಣ್ಣೆಯೆಂದರೆ ಬಾಂಬೆ ಹೈ. 1974ರಲ್ಲಿ 'ಸಾಗರ್ ಸಾಮ್ರಾಟ್' ಅಲ್ಲಿ ಎಣ್ಣೆ ಕಂಡದ್ದು, 1976ರಲ್ಲಿ ಉತ್ಪಾದನೆ ಆರಂಭವಾದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಆ ನಿಕ್ಷೇಪ ದೊಡ್ಡದು. ಕಡಲತಳದಲ್ಲಿ ಉಕ್ಕಿನ ಕಾಲೂರಿ ಅಟ್ಟಣಿಗೆ ಕಟ್ಟುವ, ಉರಣದವರೆಗೆ ಕೊಳವೆ ಹಾಸುವ ಖರ್ಚನ್ನು ಅದು ಹೊರಬಲ್ಲುದು. ಚಿಕ್ಕ ನಿಕ್ಷೇಪಗಳ ಗತಿಯೇನು? ಈ ಪ್ರಶ್ನೆಗೆ ತೀರ ಮೊದಲಿನ ಉತ್ತರಗಳಲ್ಲೊಂದು ದೊರೆತದ್ದು ಬ್ರಿಟನ್ನಿನ ಪೂರ್ವಕ್ಕಿರುವ ಉತ್ತರ ಸಮುದ್ರದಲ್ಲಿ.

ಅಲ್ಲಿ 1971ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಬ್ರದರ್ಸ್ ಕಂಪನಿ ಆರ್ಗೈಲ್ ಎಂಬ ಸಾಧಾರಣ ಗಾತ್ರದ ಕ್ಷೇತ್ರವನ್ನು ಪತ್ತೆಹಚ್ಚಿತು. ಅದಕ್ಕಾಗಿ ಭಾರಿ ಅಟ್ಟಣಿಗೆ ಕಟ್ಟಿಸಿದರೆ ಅಸಲೂ ಹುಟ್ಟುವಂತಿರಲಿಲ್ಲ. ಕಂಪನಿ ಒಂದು ಉಪಾಯ ಹೂಡಿತು. ಬಾವಿ ಕೊರೆಯುವ 'ಟ್ರಾನ್ಸ್‌ವರ್ಲ್ಡ್ 58' ಎಂಬ ತೇಲುವ ನೌಕೆಯನ್ನೇ ಉತ್ಪಾದನಾ ಕೇಂದ್ರವಾಗಿ ಮಾರ್ಪಡಿಸಿ, ಲಂಗರು ಹಾಕಿ ನಿಲ್ಲಿಸಿತು. ಬಾವಿಯ ಬಾಯಿಗಳೂ ಕವಾಟಗಳೂ ಕಡಲತಳದಲ್ಲೇ ಉಳಿದವು. ಕೊಳವೆಗಳ ಮೂಲಕ ಮೇಲೇರಿದ ದ್ರವದಿಂದ ಅನಿಲ, ನೀರುಗಳನ್ನು ನೌಕೆಯ ಮೇಲೆ ಬೇರ್ಪಡಿಸಿ, ಎಣ್ಣೆಯನ್ನು ತುಸು ದೂರದ ತೇಲುಬುರುಡೆಗೆ ಕಟ್ಟಿದ ಟ್ಯಾಂಕರಿಗೆ ತುಂಬಿಸುತ್ತಿದ್ದರು. ನೌಕೆಯಲ್ಲಿ ಎಣ್ಣೆ ಕೂಡಿಡಲು ಜಾಗವಿರಲಿಲ್ಲ. ಬಿರುಗಾಳಿಗೆ ಟ್ಯಾಂಕರು ದೂರ ಸರಿದರೆ ಉತ್ಪಾದನೆಯೂ ನಿಂತಂತೆಯೇ!

ಆದರೂ 1975ರ ಜೂನ್ 11ರಂದು ಇಲ್ಲಿ ಎಣ್ಣೆ ಹರಿಯಿತು. ಬ್ರಿಟನ್ನಿನ ಪಾಲಿನ ಉತ್ತರ ಸಮುದ್ರದಿಂದ ಬಂದ ಮೊಟ್ಟಮೊದಲ ಎಣ್ಣೆ ಇದೇ. ಒಂದು ವರ್ಷ ಮೊದಲೇ ಪತ್ತೆಯಾಗಿದ್ದ ದೈತ್ಯ ಫೋರ್ಟೀಸ್ ಕ್ಷೇತ್ರ ಆ ವರ್ಷದ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು. ಜೂನ್ 18ರಂದು ಮೊದಲ ಟ್ಯಾಂಕರು ಥೇಮ್ಸ್ ಅಳಿವೆಯ ಕಡೆಯ ಐಲ್ ಆಫ್ ಗ್ರೇನ್ ಶುದ್ಧೀಕರಣಾಗಾರವನ್ನು ಮುಟ್ಟಿತು. ಇಂಧನ ಸಚಿವ ಟೋನಿ ಬೆನ್ ಸ್ವತಃ ಕವಾಟ ತಿರುಗಿಸಿದರು.

ಮುಂದಿನ ಹಂತವೇ ಹೆಚ್ಚು ಸ್ವಾರಸ್ಯದ್ದು. ನೆರೆಯಲ್ಲಿ ಡಂಕನ್, ಇನ್ನಿಸ್ ಎಂಬ ಇನ್ನೆರಡು ಸಣ್ಣ ಕ್ಷೇತ್ರಗಳಿದ್ದವು. ಅವಕ್ಕೆ ಪ್ರತ್ಯೇಕ ಅಟ್ಟಣಿಗೆ ಕನಸಿನ ಮಾತು. ಕಡಲತಳದಲ್ಲಿ ಕೊಳವೆ ಹಾಸಿ ಅವನ್ನೂ ಆರ್ಗೈಲಿನ ನೌಕೆಗೇ ಜೋಡಿಸಿದರು. ಡಂಕನ್ 1983ರಲ್ಲಿ, ಇನ್ನಿಸ್ 1985ರಲ್ಲಿ ಎಣ್ಣೆ ಕೊಡತೊಡಗಿದವು. ಈ ನಡುವೆ ಹಳೆಯ ನೌಕೆಯ ಜಾಗಕ್ಕೆ 'ಡೀಪ್‌ಸೀ ಪಯೊನಿಯರ್' ಬಂದಿತ್ತು. ಚಾಳಿನಲ್ಲಿ ಸಂಸಾರ ಹೂಡಿದವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹಡಿಗೊಂದು ನಲ್ಲಿಯಿದ್ದರೂ ಹತ್ತು ಮನೆ ಬಾಳುತ್ತವೆ. ಅದು ನಿಂತ ದಿನ ಹತ್ತು ಮನೆಯ ಕೊಡಗಳೂ ಖಾಲಿ. ಇಲ್ಲಿಯೂ ಹಾಗೇ ಆಯಿತು. ಎಣ್ಣೆಯ ಜೊತೆ ಬರುವ ನೀರು ಹೆಚ್ಚಿ, ಖರ್ಚು ಗಿಟ್ಟದೆ, 1992ರಲ್ಲಿ ಮೂರೂ ಕ್ಷೇತ್ರಗಳನ್ನು ಒಟ್ಟಿಗೇ ಮುಚ್ಚಿದರು. ಆಗಲೂ ತಳದಲ್ಲಿ ಎಣ್ಣೆ ಸಾಕಷ್ಟಿತ್ತು. ಮುಚ್ಚಿದ್ದು ಅವಸರದ ತೀರ್ಮಾನವೆಂದು ನನಗನಿಸುತ್ತದೆ, ಆದರೆ ಲೆಕ್ಕದ ಪುಸ್ತಕ ಹಿಡಿದು ಕೂತವರಿಗೆ ಹಾಗೆ ಕಂಡಿರಲಾರದು.

ಮುಗಿದ ಕಡತ ಮತ್ತೆ ಮೇಜಿನ ಮೇಲೆ ಬರುವುದು ನಮ್ಮಂಥ ಗುಮಾಸ್ತರಿಗೆ ಹೊಸತಲ್ಲ. 2003ರಲ್ಲಿ ಟಸ್ಕನ್ ಎನರ್ಜಿ ಎಂಬ ಪುಟ್ಟ ಕಂಪನಿ ಆರ್ಗೈಲನ್ನು 'ಆರ್ಡ್‌ಮೋರ್' ಎಂಬ ಹೆಸರಿನಲ್ಲಿ ತೆರೆಯಿತು. 2005ರಲ್ಲಿ ಹಣದ ಮುಗ್ಗಟ್ಟಿನಿಂದ ಮುಚ್ಚಿತು. ಮೂರನೆಯ ಸರದಿ ಎನ್‌ಕ್ವೆಸ್ಟ್ ಕಂಪನಿಯದು. ಆರ್ಗೈಲಿಗೆ ಆಲ್ಮಾ, ಡಂಕನಿಗೆ ಗಾಲಿಯಾ ಎಂದು ಮರುನಾಮಕರಣವಾಯಿತು. ಎರಡಕ್ಕೂ ಸೇರಿ ಒಂದೇ ಹಡಗು. ಆ ಹಡಗಿಗೂ ಪೂರ್ವಾಶ್ರಮವಿತ್ತು: 'ಊಷ್ಕೆ ಗೊರಮ್', ಎಂದರೆ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ 'ನೀಲಿ ನೀರು', ಎಂಬ ಹೆಸರಿನಿಂದ ಅದು ಮೊದಲು ಫೈಫ್, ಫರ್ಗಸ್, ಫ್ಲೋರಾ, ಆಂಗಸ್ ಎಂಬ ನಾಲ್ಕು ಕ್ಷೇತ್ರಗಳ ಎಣ್ಣೆಯನ್ನು ಸಂಗ್ರಹಿಸಿತ್ತು. ಹಡಗನ್ನು ದುರಸ್ತಿಮಾಡಿ ತರುವುದು ತಡವಾಗಿ, 2015ರ ಅಕ್ಟೋಬರಿನಲ್ಲಿ ಎಣ್ಣೆ ಬರುವ ಹೊತ್ತಿಗೆ ಪೀಪಾಯಿಗೆ 100 ಡಾಲರಿದ್ದ ಬೆಲೆ 50ರ ಆಸುಪಾಸಿಗೆ ಕುಸಿದಿತ್ತು. ಬಾವಿಯೊಳಗಿನ ವಿದ್ಯುತ್ ಪಂಪುಗಳೂ ಕೈಕೊಟ್ಟವು. 2020ರಲ್ಲಿ ಎರಡೂ ಕ್ಷೇತ್ರಗಳು ಮತ್ತೆ ಜೊತೆಯಾಗಿಯೇ ನಿಂತವು. ಹಡಗು ಲಂಗರು ಕಳಚಿ ಹೊರಟುಹೋಯಿತು.

ಇಂಥ ವ್ಯವಸ್ಥೆ ಈಗ ನಮ್ಮ ಪೂರ್ವ ಕರಾವಳಿಗೂ ಬಂದಿದೆ. 2024ರ ಜನವರಿ 7ರಂದು ಕಾಕಿನಾಡದಾಚೆಯ ಆಳಸಮುದ್ರದಲ್ಲಿ ಒಎನ್‌ಜಿಸಿ ಮೊದಲ ಎಣ್ಣೆ ತೆಗೆದದ್ದು ಇಂಥದೇ ತೇಲುವ ಹಡಗಿಗೆ. ಅದರ ಹೆಸರು 'ಅರ್ಮಾಡಾ ಸ್ಟರ್ಲಿಂಗ್ 5'.