ವಿಯೆನ್ನಾ ಕಂಡ ಹೂಮರ

ಅಜ್ಜಿಯ ಕತೆ ಅರಮನೆಯ ರಂಗಮಂಚ ಏರುವುದು ಹೊಸದೇನಲ್ಲ. ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚುಹಾಕಿಸಿದ ಮಲಗಿದ ಸುಂದರಿಯ ಕತೆ, 1890ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಚೈಕೋವ್‌ಸ್ಕಿಯ ಸಂಗೀತದೊಡನೆ ಬ್ಯಾಲೆಯಾಗಿ ಕುಣಿಯಿತು. ಅಂಥ ಭಾಗ್ಯ ನಮ್ಮ ಕನ್ನಡದ ಒಂದು ಕತೆಗೂ ಒದಗಿತೆಂಬುದನ್ನು ಬಲ್ಲವರು ಕಡಿಮೆ.

ಬಡವಿಯೊಬ್ಬಳ ಕಿರಿಮಗಳು ಹೂಮರವಾಗಬಲ್ಲಳು. ಒಂದು ಕೊಡ ನೀರೆರೆದರೆ ಮರ, ಇನ್ನೊಂದು ಕೊಡ ಎರೆದರೆ ಮತ್ತೆ ಹುಡುಗಿ. ಆದರೆ ಉಗುರು ತಾಗಬಾರದು. ಹೂ ಕೀಳುವಾಗ ಎಲೆ ಕೊಂಬೆಗಳಿಗೆ ನೋವಾಗಬಾರದು. ರಾಜಕುಮಾರ ಅವಳನ್ನು ಮದುವೆಯಾದ. ಅವನ ತಂಗಿ ಹಟ ಹಿಡಿದು ಅವಳನ್ನು ಮರವಾಗಿಸಿ, ಕೊಂಬೆ ಮುರಿದು ಹೋದಳು. ಕೈಕಾಲಿಲ್ಲದೆ ನರಳುತ್ತಿದ್ದವಳನ್ನು ಹತ್ತಿಯ ಗಾಡಿಯವರು ಎತ್ತಿಕೊಂಡು ಹೋದರು. ಕೊನೆಗೆ ಗಂಡನೇ ಮುರಿದ ಕೊಂಬೆಗಳನ್ನು ಸರಿಪಡಿಸಿ ನೀರೆರೆದಾಗ ಅವಳು ಇಡಿಯಾದಳು.

ಕರ್ನಾಟಕದಲ್ಲಿ ಹಲವು ಪಾಠಗಳಲ್ಲಿ ದೊರೆತ ಈ ಕತೆಯನ್ನು ಇಂಗ್ಲಿಷಿಗೆ ತಂದವರು, ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, ಷಿಕಾಗೋ ಸೇರಿದ ಎ. ಕೆ. ರಾಮಾನುಜನ್. ಅವರು ಇದನ್ನು ಹೆಂಗಸಿನ ಕತೆಯೆಂದೇ ಕರೆದರು. 1992ರಲ್ಲಿ ಗಿರೀಶ ಕಾರ್ನಾಡರು ಇದನ್ನೇ 'ಚೆಲುವಿ' ಎಂಬ ಹಿಂದಿ ಚಿತ್ರವಾಗಿಸಿದರು. ರಾಮಾನುಜನ್ 1993ರಲ್ಲಿ ತೀರಿಕೊಂಡರು.

ಮುಂದೆ 2006ರಲ್ಲಿ, ಮೊಜಾರ್ಟನ 250ನೆಯ ಜನ್ಮವರ್ಷದ ಉತ್ಸವಕ್ಕಾಗಿ, ಅಮೆರಿಕದ ಜಾನ್ ಆಡಮ್ಸ್ ಇದನ್ನು ಸಂಗೀತ ನಾಟಕವಾಗಿಸಿದರು. ನಿರ್ದೇಶನ ಪೀಟರ್ ಸೆಲ್ಲರ್ಸ್ ಅವರದು. ವಿಯೆನ್ನಾದ ಆ ರಂಗದ ಮೇಲೆ ಜಾವಾದ ನರ್ತಕರು ಕುಣಿದರು, ವೆನೆಜುವೆಲಾದ ಮೇಳ ಸ್ಪ್ಯಾನಿಷಿನಲ್ಲಿ ಹಾಡಿತು. ಕತೆಯಲ್ಲಿ ಹೆಸರಿಲ್ಲದ ಹುಡುಗಿಗೆ ಅಲ್ಲಿ ಕುಮುದಾ ಎಂಬ ಹೆಸರು ಬಂತು.

ಹೆಮ್ಮೆಯ ಮಾತೇ ಸರಿ. ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಆ ನಾಟಕದಲ್ಲಿ ಕತೆ ಹೇಳುವ ಸೂತ್ರಧಾರನ ದನಿ ಗಂಡಸಿನದು! ಹೆಂಗಸರು ಹೆಂಗಸರಿಗೆ ಹೇಳಿಕೊಂಡ ಎಚ್ಚರಿಕೆ ಇದು: ಮೈಯರಳುವ ಹೊತ್ತೇ ಮೈಗೆ ಅಪಾಯದ ಹೊತ್ತೂ ಹೌದು, ನೀರೆರೆಯುವ ಕೈಯ ಮೇಲೆ ನಂಬಿಕೆಯಿರಬೇಕು. ಇದನ್ನು ಹೇಳುವ ದನಿ ಬದಲಾದರೆ ಕತೆಯ ಒಂದು ಕೊಂಬೆ ಮುರಿದಂತಲ್ಲವೇ?

ಆದರೆ ದೂರದವರನ್ನು ದೂರುವ ಮೊದಲು ನಮ್ಮ ಅಂಗಳವನ್ನೂ ನೋಡಬೇಕು. ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತ ಹೆಂಗಸರ ಬಾಯಲ್ಲಿ ಎಷ್ಟು ಕತೆಗಳಿವೆಯೋ! ವಿಯೆನ್ನಾದವರು ಒಂದು ಕತೆಗೆ ನೀರೆರೆದರು. ಎರಡನೆಯ ಕೊಡ ಹೊತ್ತು ತರಬೇಕಾದವರು ನಾವು, ಉಗುರು ತಾಗದಂತೆ.