ಸ್ಕ್ರಮ್, ಸ್ಪ್ರಿಂಟ್, ಕಾನ್‌ಬಾನ್: ಈ ಪದಗಳು ನಡೆದು ಬಂದ ದಾರಿ

ಗಲ್ಫಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ನಮ್ಮವರಿಗೆ ಬೆಳಗಾದರೆ ‘ಸ್ಟ್ಯಾಂಡ್‌ಅಪ್’ ಸಭೆ, ಎರಡು ವಾರಕ್ಕೊಮ್ಮೆ ‘ಸ್ಪ್ರಿಂಟ್’ ಲೆಕ್ಕ. ಎಷ್ಟೋ ಕಡೆ ಈ ಪದಗಳು ಕೆಲಸಗಾರರನ್ನು ಓಡಿಸುವ ಚಾಟಿಯಾಗಿವೆ. ಆದರೆ ಅವುಗಳ ಚರಿತ್ರೆ ಬೇರೆಯೇ ಇದೆ.

ಅದರ ಒಂದು ಬೇರು ಇರುವುದು ಜಪಾನಿನಲ್ಲಿ. ಎರಡನೇ ಮಹಾಯುದ್ಧದ ನಂತರ ಟೊಯೋಟಾ ಕಾರ್ಖಾನೆಯ ತೈಚಿ ಓನೋ, ಮುಂದಿನ ಹಂತದವರಿಗೆ ಬೇಕಾದಷ್ಟು ಬಿಡಿಭಾಗಗಳನ್ನು ಮಾತ್ರ ಹಿಂದಿನವರು ತಯಾರಿಸುವ ಕ್ರಮವನ್ನು ತಂದರು. ಎಷ್ಟು ಬೇಕೆಂದು ತಿಳಿಸುವ ಚೀಟಿಯೇ ‘ಕಾನ್‌ಬಾನ್’. ದೋಷ ಕಂಡರೆ ಸಾಮಾನ್ಯ ಕಾರ್ಮಿಕನೂ ಅಲ್ಲಿ ಇಡೀ ಉತ್ಪಾದನೆಯ ಸಾಲನ್ನು ನಿಲ್ಲಿಸಬಹುದಿತ್ತು.

ಸಾಫ್ಟ್‌ವೇರ್ ಲೋಕ ಹಿಡಿದದ್ದು ಇನ್ನೊಂದು ದಾರಿ. ಮೊದಲು ಅಗತ್ಯಗಳ ಪಟ್ಟಿ, ಬಳಿಕ ವಿನ್ಯಾಸ, ಆಮೇಲೆ ಕೋಡ್, ಕೊನೆಗೆ ಪರೀಕ್ಷೆ. ಇದಕ್ಕೆ ‘ವಾಟರ್‌ಫಾಲ್’ ಎಂಬ ಹೆಸರು ಬಿತ್ತು. 1970ರಲ್ಲಿ ಅಮೆರಿಕದ ವಿನ್‌ಸ್ಟನ್ ರಾಯ್ಸ್ ಈ ಹಂತಗಳ ಚಿತ್ರ ಬರೆದು, ಹೀಗೆ ನೇರವಾಗಿ ಸಾಗಿದರೆ ಅಪಾಯವೆಂದು ಎಚ್ಚರಿಸಿದ್ದರು. ಜನ ಚಿತ್ರವನ್ನು ಇಟ್ಟುಕೊಂಡರು, ಎಚ್ಚರಿಕೆಯನ್ನು ಮರೆತರು.

1986ರಲ್ಲಿ ತಕೆಯುಚಿ ಮತ್ತು ನೊನಾಕಾ ಎಂಬ ಜಪಾನಿ ವಿದ್ವಾಂಸರು ಹೋಂಡಾ, ಕ್ಯಾನನ್ ಮುಂತಾದ ಕಂಪನಿಗಳನ್ನು ಗಮನಿಸಿ, ಅಲ್ಲಿ ಹೊಸ ಉತ್ಪನ್ನ ರೂಪಿಸುವ ತಂಡಗಳು ರಗ್ಬಿ ಆಟಗಾರರಂತೆ ಒಟ್ಟಾಗಿ ಮುನ್ನುಗ್ಗುತ್ತವೆ ಎಂದು ಬರೆದರು. ‘ಸ್ಕ್ರಮ್’ ಆ ಆಟದ ಪದ. 1995ರಲ್ಲಿ ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ ಅದೇ ಹೆಸರಿನ ಸಾಫ್ಟ್‌ವೇರ್ ವಿಧಾನವನ್ನು ಸಮ್ಮೇಳನವೊಂದರಲ್ಲಿ ಮಂಡಿಸಿದರು. ಕೆಲಸವನ್ನು ಸಣ್ಣ ಸಣ್ಣ ಅವಧಿಗಳಾಗಿ ಒಡೆಯುವುದೇ ಅದರ ‘ಸ್ಪ್ರಿಂಟ್’.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ‘ಅಜೈಲ್’ ಪ್ರಣಾಳಿಕೆಯನ್ನು ಹೊರತಂದರು. ಅದರ ನಾಲ್ಕು ಮೌಲ್ಯಗಳಲ್ಲಿ ಮೊದಲನೆಯದು, ನಿಯಮ ಮತ್ತು ಸಾಧನಗಳಿಗಿಂತ ಮನುಷ್ಯರು ಹಾಗೂ ಅವರ ನಡುವಿನ ಮಾತುಕತೆ ದೊಡ್ಡದು ಎಂಬುದು. ದಣಿಯದೆ ಬಹುಕಾಲ ಮುಂದುವರಿಸಬಲ್ಲ ವೇಗದಲ್ಲಿ ಕೆಲಸ ಸಾಗಬೇಕು ಎಂಬುದು ಅದರ 12 ತತ್ವಗಳಲ್ಲೊಂದು. ಒಂದು ಸ್ಪ್ರಿಂಟ್‌ಗೆ ಎಷ್ಟು ಕೆಲಸ ಹಿಡಿಸುತ್ತದೆ ಎಂದು ಹೇಳಬೇಕಾದವರೂ ಅದನ್ನು ಮಾಡುವವರೇ.

ವೀಸಾ ಕಂಪನಿಯ ಕೈಯಲ್ಲಿರುವಾಗ ‘ಇಷ್ಟು ಆಗುವುದಿಲ್ಲ’ ಎನ್ನಲು ನಾಲಿಗೆ ತಡವರಿಸುತ್ತದೆ, ನಿಜ. ಆದರೂ ಹಾಗೆ ಹೇಳುವುದು ಸೋಮಾರಿತನವಲ್ಲ. ಸಾಲನ್ನು ನಿಲ್ಲಿಸಿದ ಆ ಕಾರ್ಮಿಕನ ಕಾಲದಿಂದಲೂ ಈ ಪದ್ಧತಿ ನಿಂತಿರುವುದೇ ಅಂಥ ಮಾತಿನ ಮೇಲೆ.