ಕಾರು ತೊಳೆಯುವ ಪಂಪ್: ಒತ್ತಡ ಕುಸಿದಾಗ
ಬೇಸಿಗೆಯ ತಾಪ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ, ಕಮಲಾಪುರ ತಾಲ್ಲೂಕಿನ ಮಹಾಗಾಂವದಂಥ ಊರುಗಳಲ್ಲಿ, ಮನೆಯಲ್ಲಿ ಕಾರು ತೊಳೆಯುವ ಪಂಪಿಗೆ ಮೊದಲ ಶತ್ರು ಬರಿದಾದ ತೊಟ್ಟಿ. ಒಳಗಿನ ಸೀಲುಗಳನ್ನು ತಂಪಾಗಿಡುವುದು ಹರಿಯುವ ನೀರೇ. ನೀರಿಲ್ಲದೆ ಓಡಿಸಿದರೆ ಅವು ಬೇಗನೆ ಸವೆದು ಸೋರತೊಡಗುತ್ತವೆ.

ಒತ್ತಡ ಕುಸಿದರೆ ಪಂಪ್ ಬಿಚ್ಚುವ ಮುನ್ನ ಪ್ಲಗ್ ಕಿತ್ತು, ನೀರು ಒಳಬರುವ ಕಡೆಯ ಜಾಲರಿಯನ್ನು ತೊಳೆಯಬೇಕು. ಧಾರೆ ಬಿಟ್ಟುಬಿಟ್ಟು ಬಂದರೆ ಪೈಪಿನ ಜೋಡಣೆಯಲ್ಲಿ ಗಾಳಿ ಸೇರುತ್ತಿರಬಹುದು. ಕೊಳವೆಬಾವಿಯ ಗಡಸು ನೀರಿನ ಸುಣ್ಣ ನಾಜಲ್‌ನಲ್ಲಿ ಕಟ್ಟಿದ್ದರೆ ಸೂಜಿಯಿಂದ ಬಿಡಿಸಬಹುದು. ಮೋಟಾರು ಗುಂಯ್‌ಗುಟ್ಟಿಯೂ ತಿರುಗದಿದ್ದರೆ ತಕ್ಷಣ ಆರಿಸಬೇಕು. ಕಡಿಮೆ ವೋಲ್ಟೇಜ್ ಅಥವಾ ಕೆಪಾಸಿಟರ್ ದೋಷ ಕಾರಣವಿರಬಹುದು. ಕೆಲಸ ಮುಗಿದ ಮೇಲೆ ಟ್ರಿಗರ್ ಒತ್ತಿ ಉಳಿದ ಒತ್ತಡವನ್ನು ಇಳಿಸುವುದು ಅಗತ್ಯ.

ನೀರಿನ ಅಭಾವ ತಲೆದೋರಿದ್ದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, 5,000 ರೂ. ದಂಡ ಗೊತ್ತುಪಡಿಸಿತ್ತು. ಅಂಥ ದಿನಗಳಲ್ಲಿ ಪಂಪಿಗೆ ಬಿಡುವು ಕೊಟ್ಟು, ಒಂದು ಬಕೆಟ್ ಹಾಗೂ ಒದ್ದೆ ಬಟ್ಟೆಯಲ್ಲಿ ಕೆಲಸ ಮುಗಿಸುವುದೇ ಲೇಸು.